ಸಂಜೆ 6.50ರ ಬಸ್ಸು: ಒಂದು ಊರಿನ ಪ್ರಕರಣ

ಈ ಊರು ಉಡುಪಿ ಪೇಟೆಯಿಂದ ಸುಮಾರು 18 ಕಿಲೋಮೀಟರ್ ಒಳಗೆ ಉಂಟು. ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಾನು ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾದವನು. ಅರ್ಜಿ ಬರೆದುಕೊಡಿ ಅಂತ ಜನ ಮನೆಗೆ ಬರುತ್ತಾರೆ. ಹಾಗೆ ಬಂದ ಒಂದು ಅರ್ಜಿಯಿಂದ ಇದು ಶುರುವಾಯಿತು. ಬೇರೆ ಊರಿನವರಿಗೆ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ, ನಾವು ತಪ್ಪಿದ ಕಡೆಯನ್ನೂ ಸೇರಿಸಿ.

ಹಿನ್ನೆಲೆ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಇಲ್ಲ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ, ಆ ಹಣವನ್ನು ಸರಕಾರ ಸಾರಿಗೆ ನಿಗಮಕ್ಕೆ ಕಟ್ಟುತ್ತದೆ. ಟಿವಿಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳು ತುಂಬಿ ತುಳುಕುವುದನ್ನು ನಮ್ಮೂರಿನ ಹೆಂಗಸರೂ ನೋಡಿದರು. ನೋಡಿದ್ದು ಅಷ್ಟೇ. ಯಾಕಂದ್ರೆ ಆಗ ನಮ್ಮ ರಸ್ತೆಯಲ್ಲಿ ಸರಕಾರಿ ಬಸ್ಸೇ ಇರಲಿಲ್ಲ.

ಘಟ್ಟದ ಮೇಲಿನವರಿಗೆ ಇದು ಅರ್ಥ ಆಗುವುದು ಕಷ್ಟ. ಕರಾವಳಿಯಲ್ಲಿ ಊರೊಳಗಿನ ಬಸ್ಸು ಅಂದ್ರೆ ಬಹುತೇಕ ಖಾಸಗಿ. ಪುತ್ತೂರು, ಸುಳ್ಯದ ಕಡೆ ಸರಕಾರಿ ಬಸ್ಸು ಚೆನ್ನಾಗಿ ಉಂಟು. ಮಂಗಳೂರು, ಉಡುಪಿ, ಕುಂದಾಪುರದ ಪೇಟೆ ಮತ್ತು ಹತ್ತಿರದ ಹಳ್ಳಿಗಳನ್ನು ನಡೆಸಿದ್ದು ಖಾಸಗಿ ಬಸ್ಸಿನವರು. ಡಾಮರು ಕಾಣದ ಕಾಲದಲ್ಲಿ ಮಣ್ಣಿನ ರಸ್ತೆಯಲ್ಲಿ ಬಸ್ಸು ತಂದವರೂ ಅವರೇ. ನಾನು ಕಾಲೇಜಿಗೆ ಹೋದದ್ದೂ ಅದರಲ್ಲೇ. ಅದನ್ನು ಮರೆತು ಬರೆದರೆ ಈ ಪ್ರಕರಣ ಅರ್ಧ ಸುಳ್ಳಾಗುತ್ತದೆ.

ನಮ್ಮ ರಸ್ತೆಯಲ್ಲಿ ಕೊರೊನಾಕ್ಕೆ ಮೊದಲು 4 ಖಾಸಗಿ ಬಸ್ಸು, ಒಂದು ನರ್ಮ್ ಬಸ್ಸು ಓಡುತ್ತಿತ್ತು. ನರ್ಮ್ ಬಸ್ಸು ಅಂದ್ರೆ ಕೇಂದ್ರದ ನಗರಾಭಿವೃದ್ಧಿ ಯೋಜನೆಯ ಹಣದಲ್ಲಿ ಬಂದ ಸರಕಾರಿ ಬಸ್ಸು. 2020ರ ಮಾರ್ಚಿನಲ್ಲಿ ಎಲ್ಲವೂ ನಿಂತಿತು. ಆಮೇಲೆ 2 ಖಾಸಗಿ ಬಸ್ಸು ಮಾತ್ರ ವಾಪಸ್ ಬಂತು. ಬೆಳಿಗ್ಗೆ ಮೊದಲನೆಯದು 6.40ಕ್ಕೆ. ಉಡುಪಿಯಿಂದ ಕೊನೆಯದು ಸಂಜೆ 6ಕ್ಕೆ.

ಸಮಸ್ಯೆ

ಗಿರಿಜಕ್ಕ ಅಂತ ಕರೆಯೋಣ. ವಯಸ್ಸು 46. ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಕ್ಲೀನಿಂಗ್ ಕೆಲಸ. ಬೆಳಿಗ್ಗೆ 7.30ಕ್ಕೆ ಹಾಜರಿ, ಸಂಜೆ 5.30ಕ್ಕೆ ಬಿಡುಗಡೆ. 6.40ರ ಬಸ್ಸು ಹಿಡಿದರೆ ತಲುಪುವಾಗ 7.50. ಸಂಜೆ ಮಣಿಪಾಲದಿಂದ ಉಡುಪಿಗೆ ಇಳಿಯುವಾಗ 6 ಗಂಟೆಯ ಬಸ್ಸು ಹೋಗಿರುತ್ತದೆ. ಮತ್ತೆ ಮೇನ್ ರೋಡಿನ ಬೇರೆ ಬಸ್ಸಲ್ಲಿ ಕ್ರಾಸಿನ ತನಕ ಬಂದು, ಅಲ್ಲಿಂದ 4 ಕಿಲೋಮೀಟರ್ ನಡಿಗೆ. ನಾಲ್ಕು ಜನ ಸಿಕ್ಕಿದರೆ ರಿಕ್ಷಾ.

2023ರ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವರು ಬಂದರು. ಕೈಯಲ್ಲಿ ಹಾಲಿನ ಸೊಸೈಟಿಯ ಹಳೆಯ ಪುಸ್ತಕ. ಅದರ ಖಾಲಿ ಪುಟದಲ್ಲಿ ಲೆಕ್ಕ ಬರೆದಿದ್ದರು. ಊರಿನಿಂದ ಉಡುಪಿಗೆ 20 ರೂಪಾಯಿ, ಉಡುಪಿಯಿಂದ ಮಣಿಪಾಲಕ್ಕೆ 10. ಹೋಗಿ ಬರಲು 60. ತಿಂಗಳಿಗೆ 26 ದಿನ. 1,560 ರೂಪಾಯಿ. ಅದರ ಕೆಳಗೆ ಒಂದು ಗೆರೆ ಎಳೆದು ಬರೆದಿದ್ದರು: ಗೃಹಲಕ್ಷ್ಮಿ 2,000.

"ನೋಡಿ ಮಾಷ್ಟ್ರೆ, ಒಂದು ಕೈಯಲ್ಲಿ ಬರುದು, ಇನ್ನೊಂದು ಕೈಯಲ್ಲಿ ಬಸ್ಸಿಗೆ ಹೋಗುದು. ನಮ್ಗೆ ಆ ಬಸ್ಸು ಯಾಕೆ ಇಲ್ಲ?"

ರಿಕ್ಷಾದ ಹಣ ಆ ಲೆಕ್ಕದಲ್ಲಿ ಇರಲಿಲ್ಲ. ಮಳೆಗಾಲದ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಗುಡ್ಡೆ ದಾರಿಯಲ್ಲಿ ನಡೆಯುವ ಹೆದರಿಕೆಯೂ ಇರಲಿಲ್ಲ. ಅವರ ಜೊತೆ ಬಂದ ಇನ್ನೊಬ್ಬರು ಹೇಳಿದ್ದು ನನಗೆ ಈಗಲೂ ಚುಚ್ಚುತ್ತದೆ. ಅವರ ಮಗಳಿಗೆ ಉಡುಪಿಯ ಕಾಲೇಜಿನಲ್ಲಿ ಸಯನ್ಸ್ ಸೀಟು ಸಿಕ್ಕಿತ್ತು. ಪ್ರಾಕ್ಟಿಕಲ್ ಇದ್ದ ದಿನ ಹೊರಡುವಾಗ ತಡವಾಗುತ್ತದೆ, 6 ಗಂಟೆ ಬಸ್ಸು ತಪ್ಪುತ್ತದೆ ಅಂತ ಹತ್ತಿರದ ಕಾಲೇಜಿನಲ್ಲಿ ಬೇರೆ ವಿಷಯಕ್ಕೆ ಸೇರಿಸಿದರು. ಒಂದು ಬಸ್ಸಿನ ಟೈಮಿಂಗ್ ಒಂದು ಹುಡುಗಿಯ ಓದನ್ನು ತಿರುಗಿಸಿತು. ಇದು ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ.

ನಾವು ಮೊದಲು ಮಾಡಿದ್ದು, ಮತ್ತು ಅದು ಯಾಕೆ ನಡೆಯಲಿಲ್ಲ

ನಾನು ಅರ್ಜಿ ಬರೆದೆ. 'ನಮ್ಮ ಗ್ರಾಮಕ್ಕೂ ಉಚಿತ ಬಸ್ಸು ಕೊಡಿ' ಅಂತ. 200ಕ್ಕೂ ಜಾಸ್ತಿ ಸಹಿ. ಗ್ರಾಮಸಭೆಯಲ್ಲಿ ನಿರ್ಣಯ ಆಯಿತು. ಜನಪ್ರತಿನಿಧಿಗಳಿಗೆ ಕೊಟ್ಟೆವು, ಜನಸ್ಪಂದನ ಸಭೆಯಲ್ಲಿ ಕೊಟ್ಟೆವು, ಡಿಪೋಗೆ ಕೊಟ್ಟೆವು. 'ಪರಿಶೀಲಿಸಲಾಗುವುದು' ಅಂತ ಒಂದು ಹಿಂಬರಹ ಬಂತು. ಮತ್ತೆ ಸುದ್ದಿಯೇ ಇಲ್ಲ.

ಈಗ ಹಿಂತಿರುಗಿ ನೋಡಿದರೆ ತಪ್ಪು ಆ ಒಂದು ಪದದಲ್ಲೇ ಇತ್ತು. 'ಉಚಿತ'. ಕಚೇರಿಯವರಿಗೆ ಅದು ಇನ್ನೊಂದು ಸೌಲಭ್ಯ ಕೇಳುವ ಅರ್ಜಿಯಾಗಿ ಕಂಡಿತು. ಖಾಸಗಿ ಬಸ್ಸಿನವರಿಗೆ ಅವರ ಹೊಟ್ಟೆಗೆ ಹೊಡೆಯುವ ಅರ್ಜಿಯಾಗಿ ಕಂಡಿತು. ನಮಗೆ ನಿಜವಾಗಿ ಬೇಕಾದದ್ದು ಯಾವ ಹೊತ್ತಿಗೆ ಬಸ್ಸು ಅನ್ನುವುದು ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಬರೆದವನು ನಾನು. ಆ ತಪ್ಪು ನನ್ನದೇ.

ಡಿಸೆಂಬರಿನಲ್ಲಿ ನಾವು ಐದು ಜನ ಡಿಪೋಗೆ ಹೋದೆವು. ಅಧಿಕಾರಿ ಕೂರಿಸಿ ಮಾತಾಡಿದರು. ಡ್ರೈವರ್ ಕೊರತೆ ಉಂಟು, ಈ ರೂಟಿನಲ್ಲಿ ಜನ ಇದ್ದಾರೆ ಅನ್ನುವುದಕ್ಕೆ ನಮ್ಮ ಹತ್ತಿರ ಲೆಕ್ಕ ಇಲ್ಲ, ಹೊಸ ಪರ್ಮಿಟ್ ಅಂದ್ರೆ ಆಕ್ಷೇಪಣೆ ಬರುತ್ತದೆ. ಎಲ್ಲವೂ ನಿಜವೇ. ಹೊರಗೆ ಬರುವಾಗ ಅಲ್ಲಿನ ಒಬ್ಬ ಹಿರಿಯ ಗುಮಾಸ್ತರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಮಾಷ್ಟ್ರೆ, ಹೊಸ ಪರ್ಮಿಟ್ ಯಾಕೆ ಕೇಳ್ತೀರಿ? ನಿಮ್ಮ ರೂಟಿನ ಹಳೇ ನರ್ಮ್ ಬಸ್ಸಿನ ಪರ್ಮಿಟ್ ಎಂತ ಆಯ್ತು ಅಂತ ಮೊದ್ಲು ಕೇಳಿ."

ಮೊದಲ ತಿರುವು ಇದು. ಇಂಥ ಒಬ್ಬರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರು ಸಿಗುವ ತನಕ ಹೋಗ್ತಾ ಇರಬೇಕು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು. 30 ದಿನದೊಳಗೆ ಉತ್ತರ ಬಂತು. ಆ ಪರ್ಮಿಟ್ ರದ್ದಾಗಿರಲಿಲ್ಲ. ಬಸ್ಸು ಓಡುತ್ತಿರಲಿಲ್ಲ, ಅಷ್ಟೇ. ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ಟಿಗೆ 5 ವರ್ಷದ ಅವಧಿ. ನವೀಕರಣಕ್ಕೆ ಅವಧಿ ಮುಗಿಯುವ 15 ದಿನ ಮೊದಲಾದರೂ ಅರ್ಜಿ ಹಾಕಬೇಕು. ನಮ್ಮ ರೂಟಿನದ್ದು ಮುಗಿಯಲು ಇನ್ನು ನಾಲ್ಕೇ ತಿಂಗಳು. ಯಾರೂ ಕೇಳದಿದ್ದರೆ ಅದು ತನ್ನಷ್ಟಕ್ಕೆ ಸತ್ತು ಹೋಗುತ್ತಿತ್ತು. ಆಮೇಲೆ ಎಲ್ಲವೂ ಸೊನ್ನೆಯಿಂದ.

ಬಸ್ಸಿನ ಯಜಮಾನರ ಅಂಗಳದಲ್ಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣದ ಗಟ್ಟಿ ಭಾಗ ಇದೇ.

ನಮ್ಮ ರಸ್ತೆಯ ಎರಡೂ ಬಸ್ಸು ಒಬ್ಬರದ್ದೇ. ಅವರನ್ನು ಸುಧಾಕರಣ್ಣ ಅಂತ ಕರೆಯುತ್ತೇನೆ. ವಿರೋಧ ಮಾಡುತ್ತಾರೆ ಅಂತ ಗೊತ್ತಿತ್ತು. ಕದ್ದುಮುಚ್ಚಿ ಮಾಡುವುದು ಬೇಡ ಅಂತ ನೇರ ಅವರ ಮನೆಗೇ ಹೋದೆವು. ಗಿರಿಜಕ್ಕ, ಅವರ ಅತ್ತೆ, ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಇಬ್ಬರು, ನಾನು.

ಅವರು ಸಿಟ್ಟಾಗಲಿಲ್ಲ. ಬೇಸರದಲ್ಲಿ ಮಾತಾಡಿದರು. "ಮಾಷ್ಟ್ರೆ, ನನ್ನ ಬಸ್ಸಲ್ಲಿ ಹತ್ತರಲ್ಲಿ ಆರು ಜನ ಹೆಂಗಸರು. ನನ್ನ ಟೈಮಿನ ಎದುರು ಒಂದು ಫ್ರೀ ಬಸ್ಸು ಬಿಟ್ರೆ ನಾನು ಬಾಗಿಲು ಹಾಕ್ಬೇಕು. ನಾಳೆ ಮಳೆಗಾಲದಲ್ಲಿ ಅವರ ಬಸ್ಸು ಹಾಳಾದ್ರೆ ನಿಮ್ಮನ್ನು ಯಾರು ಕೊಂಡೋಗುದು? ಈ ಜಿಲ್ಲೆಯಲ್ಲಿ ಎಲ್ಲ ನಾವೇ ಮಾಡಿದ್ದು. ಬ್ಯಾಂಕ್ ನಾವೇ, ಕಾಲೇಜು ನಾವೇ, ಬಸ್ಸು ನಾವೇ. ಸರಕಾರ ಎಂತ ಮಾಡಿದೆ?"

ಈ ಮಾತು ಕರಾವಳಿಯಲ್ಲಿ ಎಲ್ಲರೂ ಹೇಳುವಂಥದ್ದೇ. ಅದರಲ್ಲಿ ಸತ್ಯ ಉಂಟು. 1906ರಲ್ಲಿ ಒಂದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಇಲ್ಲಿನ ಜನರ ಕೈಯಿಂದಲೇ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ ಮನೆ ಮನೆಗೆ ಹೋಗಿ ದಿನದ ಪಿಗ್ಮಿ ಸಂಗ್ರಹಿಸಿ ಬೆಳೆಯಿತು. 1953ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಮಾಡಿದ್ದೂ ಸರಕಾರಕ್ಕೆ ಕಾದು ಅಲ್ಲ.

ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಗಿರಿಜಕ್ಕನ ಅತ್ತೆ ಜಗಲಿಯ ತುದಿಯಿಂದ ಹೇಳಿದರು. "ಹಾಗಾದ್ರೆ ನಮ್ಮ 60 ಸೆಂಟ್ಸ್ ಯಾರು ಕೊಟ್ಟದ್ದು ಅಣ್ಣ? ನಮ್ಮ ಮಾವ ಒಕ್ಕಲು. ಡಿಕ್ಲರೇಶನ್ ಕೊಟ್ಟು ಬಂದ ಜಾಗ ಅಲ್ವಾ?"

ಯಾರೂ ಮಾತಾಡಲಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರಕಾರದ ವಶಕ್ಕೆ ಬಂತು. ಒಕ್ಕಲಿನವರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟರು (ನಮ್ಮ ಕಡೆ ಡಿಕ್ಲರೇಶನ್ ಅನ್ನುವುದು ಅದಕ್ಕೇ), ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಅಕ್ಕಿ ಅಳೆದು ಕೊಟ್ಟ ಅಂಗಳದ ಎದುರೇ ತಲೆ ಎತ್ತಿ ನಡೆದರು. ಆ ಕೆಲಸ ಯಾವ ಬ್ಯಾಂಕೂ ಮಾಡಲು ಸಾಧ್ಯ ಇರಲಿಲ್ಲ, ಯಾವ ದಾನಿಯೂ ಮಾಡುತ್ತಿರಲಿಲ್ಲ. ಅದಕ್ಕೆ ಸರಕಾರವೇ ಬೇಕಿತ್ತು. ಮತ್ತೆ ಕಾನೂನು ಮಾಡಿ ಸುಮ್ಮನೆ ಕೂತರೂ ಆಗುತ್ತಿರಲಿಲ್ಲ, ತಾಲೂಕು ತಾಲೂಕಿನಲ್ಲಿ ಕೂತು ಒಂದೊಂದು ಅರ್ಜಿಯನ್ನು ಕೇಳಿದ್ದರಿಂದ ಆಯಿತು.

ಸುಧಾಕರಣ್ಣನ ಮನೆಯವರೂ ಆ ಕಾಲದಲ್ಲಿ ಸ್ವಲ್ಪ ಜಾಗ ಕಳಕೊಂಡವರು. ಬಸ್ಸು ತೆಗೆದದ್ದೇ ಅದರ ನಂತರ. ಅವರು ಸ್ವಲ್ಪ ಹೊತ್ತು ಬಿಟ್ಟು, "ಸರಿ, ನನಗೆ ಬಸ್ಸು ಇಲ್ಲದ ಹೊತ್ತಿಗೆ ತನ್ನಿ. ನಾನು ಆಕ್ಷೇಪಣೆ ಹಾಕುದಿಲ್ಲ" ಅಂದರು.

ಎರಡನೇ ತಿರುವು. ಇದರಿಂದ ನಮ್ಮೊಳಗೇ ಜಗಳ ಆಯಿತು. ಮಧ್ಯಾಹ್ನದ ಬಸ್ಸು ಬೇಕು ಅನ್ನುವವರೂ ಇದ್ದರು: ರೇಶನ್ನಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಹೋಗುವ ವಯಸ್ಸಾದ ಹೆಂಗಸರು. ಒಪ್ಪಿದರೆ ಅವರಿಗೆ ಏನೂ ಇಲ್ಲ. ಒಪ್ಪದಿದ್ದರೆ ಆಕ್ಷೇಪಣೆ, ವಾದ, ಪರ್ಮಿಟ್ಟಿನ ಅವಧಿ ಮುಗಿದು ಹೋಗುವ ಅಪಾಯ. ಒಕ್ಕೂಟದ ಸಭೆಯಲ್ಲಿ ಕೈ ಎತ್ತಿಸಿದರು. ಬೆಳಿಗ್ಗೆ 5.50 ಮತ್ತು ಸಂಜೆ 6.50 ಅಂತ ತೀರ್ಮಾನ ಆಯಿತು. ನಾನೂ ಅದರ ಪರ ಇದ್ದೆ. ಅವಸರದಲ್ಲಿ ಅದು ಸರಿ ಅನ್ನಿಸಿತು. ಈಗ ಪೂರ್ತಿ ಸರಿ ಅನ್ನಿಸುವುದಿಲ್ಲ. ಉಳಿದ ಜಾಗದಲ್ಲಿ ಮಾತ್ರ ಸರಕಾರ ನಿಲ್ಲಬೇಕು ಅಂತ ನಾವೇ ಒಪ್ಪಿಕೊಂಡ ಹಾಗಾಯಿತು ಅಲ್ವಾ?

14 ದಿನದ ಲೆಕ್ಕ

ಡಿಪೋದವರು ಕೇಳಿದ್ದು ಜನರ ಲೆಕ್ಕ. ಗಿರಿಜಕ್ಕ ಅದೇ ಹಾಲಿನ ಪುಸ್ತಕ ತೆಗೆದರು. ಫೆಬ್ರವರಿಯಲ್ಲಿ 14 ದಿನ ಸಂಜೆ 6.45ರಿಂದ 8ರ ತನಕ ಕ್ರಾಸಿನಲ್ಲಿ ಇಳಿದು ನಮ್ಮೂರ ದಾರಿ ಹಿಡಿಯುವವರನ್ನು ಎಣಿಸಿದರು. ತಾವು ಬರುವುದು ತಡವಾದ ದಿನ ಕ್ರಾಸಿನ ಅಂಗಡಿಯ ಹುಡುಗ ಎಣಿಸಿದ. ಗಂಡಸು, ಹೆಂಗಸು, ಯೂನಿಫಾರ್ಮಿನ ಮಕ್ಕಳು ಅಂತ ಮೂರು ಸಾಲು. ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ ಗೆರೆ. ಭಾನುವಾರ ಬಿಟ್ಟು ಅತಿ ಜಾಸ್ತಿ ಬಂದ ದಿನ 34, ಕಡಿಮೆ ಬಂದ ದಿನ 17, ಎರಡು ಭಾನುವಾರಗಳಲ್ಲಿ 6 ಮತ್ತು 9. ಒಂದು ಪುಟದ ಬದಿಯಲ್ಲಿ ಬರೆದಿದ್ದರು: 'ಇವತ್ತು ಒಬ್ಬರು ಬಸುರಿ. ನಡೆದೇ ಹೋದರು.'

ಆ ಪುಸ್ತಕದ ಜೆರಾಕ್ಸ್ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕಡತಕ್ಕೆ ಸೇರಿತು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು, ಎಲ್ಲರೂ ಅದರಲ್ಲೇ ಮುಳುಗಿದರು, ಸಭೆ ಮುಂದೆ ಹೋಯಿತು. ಅದಕ್ಕೆ ಮೊದಲೇ ಡಿಪೋದಿಂದ ನವೀಕರಣದ ಅರ್ಜಿ ಹಾಕಿಸಿದ್ದು ನಮ್ಮನ್ನು ಉಳಿಸಿತು. ಚುನಾವಣೆ ಮುಗಿದ ಮೇಲೆ ಸಭೆಯಲ್ಲಿ ಎರಡೂ ಟೈಮಿಂಗ್ ಮಂಜೂರಾಯಿತು. ಸುಧಾಕರಣ್ಣ ಮಾತು ಉಳಿಸಿಕೊಂಡರು.

ಬಸ್ಸು ಬಂತು, ಮತ್ತೆ ನಿಂತಿತು

2024ರ ಜೂನ್ ಕೊನೆಯಲ್ಲಿ ಬಸ್ಸು ಬಂತು. ಬಾಳೆಕಂದು ಕಟ್ಟಿದರು, ತೆಂಗಿನಕಾಯಿ ಒಡೆದರು. ಮೊದಲ ಶೂನ್ಯ ಟಿಕೆಟನ್ನು ಗಿರಿಜಕ್ಕ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡರು.

ಜುಲೈಯಲ್ಲಿ ಎಲ್ಲ ಹಾಳಾಯಿತು. ಬೆಳಿಗ್ಗೆ 5.50ಕ್ಕೆ ನಮ್ಮೂರಿಂದ ಹೊರಡಲು ಬಸ್ಸು ಡಿಪೋದಿಂದ 5 ಗಂಟೆಗೇ ಖಾಲಿ ಬರಬೇಕು. ಜೋರು ಮಳೆಯಲ್ಲಿ, ಡ್ರೈವರ್ ರಜೆ ಇದ್ದ ದಿನ, ಬೇರೆ ಬಸ್ಸು ಕೆಟ್ಟ ದಿನ, ಮೊದಲು ರದ್ದು ಮಾಡುವುದು ನಮ್ಮ ಟ್ರಿಪ್ಪನ್ನೇ. ಆ ತಿಂಗಳು 9 ದಿನ ಬಸ್ಸು ಬರಲಿಲ್ಲ. ಗಿರಿಜಕ್ಕನಿಗೆ ಮೂರು ದಿನದ ಸಂಬಳ ಹೋಯಿತು. ಜನ ಮತ್ತೆ ರಿಕ್ಷಾಕ್ಕೆ ಮಾತಾಡಿಕೊಂಡರು. ಬಸ್ಸು ಬಂದ ದಿನ ಅದರಲ್ಲಿ 7 ಜನ. ಡಿಪೋದಿಂದ ಮಾತು ಬಂತು: ಜನ ಇಲ್ಲ, ಮುಂದುವರಿಸುವುದು ಕಷ್ಟ.

ಇದು ಎಲ್ಲ ಕಡೆ ನಡೆಯುವ ಸುತ್ತು. ಬಸ್ಸು ನಂಬಿಕೆಗೆ ಸಿಗದಿದ್ದರೆ ಜನ ಹತ್ತುವುದಿಲ್ಲ, ಜನ ಹತ್ತದಿದ್ದರೆ ಬಸ್ಸು ನಿಲ್ಲುತ್ತದೆ, ನಿಂತ ಮೇಲೆ 'ಅಲ್ಲಿ ಬೇಡಿಕೆ ಇಲ್ಲ' ಅಂತ ಕಡತದಲ್ಲಿ ಬರೆಯುತ್ತಾರೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಒಂದು ವರ್ಷದ ಕೆಲಸ ಒಂದು ಮಳೆಗೆ ಕೊಚ್ಚಿ ಹೋಗುತ್ತಿತ್ತು.

ದಾರಿ ಹೇಳಿದ್ದು ಆ ಬಸ್ಸಿನ ಕಂಡಕ್ಟರೇ. ಬಾಗಲಕೋಟೆ ಕಡೆಯವರು. "ಸರ್, ಇದನ್ನ ಹಾಲ್ಟ್ ಬಸ್ ಮಾಡ್ರಿ. ರಾತ್ರಿ ಇಲ್ಲೇ ನಿಂತ್ರ ಬೆಳಿಗ್ಗೆ ತಪ್ಪೂದಿಲ್ಲ. ನಮಗ ಒಂದು ರೂಮು, ಒಂದು ಟಾಯ್ಲೆಟ್ಟು ಬೇಕು, ಅಷ್ಟ."

ಎಷ್ಟು ಸರಳ ನೋಡಿ. ಸಂಜೆ 6.50ಕ್ಕೆ ಉಡುಪಿ ಬಿಟ್ಟ ಬಸ್ಸು ಊರಿಗೆ ಬಂದು ಇಲ್ಲೇ ಮಲಗುತ್ತದೆ. ಬೆಳಿಗ್ಗೆ ಇಲ್ಲಿಂದಲೇ ಹೊರಡುತ್ತದೆ. ಖಾಲಿ ಬರುವ ಡೀಸೆಲ್ ಉಳಿಯುತ್ತದೆ. ಪಂಚಾಯತ್ ತನ್ನ ಹಳೆಯ ಕಟ್ಟಡದ ಒಂದು ಕೋಣೆ ಬಿಟ್ಟುಕೊಟ್ಟಿತು. ಟಾಯ್ಲೆಟ್ಟಿಗೆ ನೀರಿನ ಲೈನ್ ಎಳೆಯಲು ಹಣ ಸಾಲದೆ ಹೋದಾಗ ಯುವಕ ಮಂಡಲದವರು ಗುಂಡಿ ತೋಡಿದರು. ಪೈಪ್ ಸುಧಾಕರಣ್ಣನ ಗ್ಯಾರೇಜಿನಿಂದ ಬಂತು. ಅಕ್ಟೋಬರಿನಿಂದ ಬಸ್ಸು ರಾತ್ರಿ ಅಶ್ವತ್ಥಕಟ್ಟೆಯ ಹತ್ತಿರ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ನಮ್ಮ ಕುಚ್ಚಲಕ್ಕಿ ಗಂಜಿ ಮೊದಮೊದಲು ಇಳಿಯುತ್ತಿರಲಿಲ್ಲ. ಗಿರಿಜಕ್ಕ ಉಡುಪಿಯಿಂದ ಜೋಳದ ಹಿಟ್ಟು ತಂದು ಕೊಟ್ಟರು, ರೊಟ್ಟಿ ಅವರೇ ತಟ್ಟಿಕೊಂಡರು.

ಏನಾಯಿತು, ಏನು ತಿಳಿಯಿತು

ಆಮೇಲೆ ಬೆಳಗ್ಗಿನ ಬಸ್ಸು ತಪ್ಪಿದ್ದು ಬಹಳ ಕಡಿಮೆ. ಗಿರಿಜಕ್ಕನಿಗೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,040 ಉಳಿಯುತ್ತದೆ. ಮಣಿಪಾಲದ ಸಿಟಿ ಬಸ್ಸಿನ 520 ಹಾಗೇ ಉಂಟು. ಉಳಿದದ್ದರಲ್ಲಿ 1,000ವನ್ನು ಪೋಸ್ಟ್ ಆಫೀಸಿನ ಆರ್‌ಡಿಗೆ ಕಟ್ಟುತ್ತಾರೆ. ಊರಿನ ಇನ್ನಿಬ್ಬರು ಹೆಂಗಸರು ಗೇರುಬೀಜದ ಫ್ಯಾಕ್ಟರಿ ಕೆಲಸಕ್ಕೆ ಸೇರಿದರು. ಮೊದಲು ಅವರ ಮನೆಯವರು ಕತ್ತಲೆ ಅಂತ ಬಿಟ್ಟಿರಲಿಲ್ಲ. ಈ ವರ್ಷ ಮೂರು ಹುಡುಗಿಯರು ಉಡುಪಿಯಲ್ಲಿ ಸಯನ್ಸ್ ತೆಗೆದುಕೊಂಡಿದ್ದಾರೆ. ಮೊದಲು ಹೇಳಿದ ಆ ಹುಡುಗಿಗೆ ಮಾತ್ರ ಬಸ್ಸು ತಡವಾಗಿ ಬಂತು. ಅದನ್ನು ಸರಿಮಾಡಲು ಈಗ ದಾರಿ ಇಲ್ಲ.

ಸುಧಾಕರಣ್ಣನ ಬಸ್ಸು ಎರಡೂ ಓಡುತ್ತಿವೆ. ಅವರಿಗೆ ನಷ್ಟ ಆಗಲಿಲ್ಲ. ಸಂಜೆ ವಾಪಸ್ ಬರಲು ಬಸ್ಸು ಉಂಟು ಅಂತ ಗೊತ್ತಾದ ಮೇಲೆ ಮಧ್ಯಾಹ್ನ ಅವರ ಬಸ್ಸಲ್ಲಿ ಪೇಟೆಗೆ ಹೋಗುವವರು ಹೆಚ್ಚಾಗಿದ್ದಾರೆ ಅಂತ ಅವರೇ ಹೇಳಿದರು. ಇದನ್ನು ನಾವ್ಯಾರೂ ಮೊದಲೇ ಊಹಿಸಿರಲಿಲ್ಲ.

ಬೇರೆ ಊರಿನವರು ನನ್ನ ಹತ್ತಿರ ಕೇಳಿದರೆ ಮೊದಲು ಹೇಳುವುದು ಇದು: ನಿಮ್ಮ ರೂಟಿನ ಹಳೆಯ ಪರ್ಮಿಟ್ ಹುಡುಕಿ, ಕೊರೊನಾದಲ್ಲಿ ನಿಂತದ್ದು ಎಷ್ಟೋ ಕಡೆ ಕಾಗದದಲ್ಲಿ ಇನ್ನೂ ಜೀವ ಹಿಡಿದಿರಬಹುದು. ಅರ್ಜಿಯಲ್ಲಿ ಹೊತ್ತು ಬರೆಯಿರಿ, ಜನರನ್ನು ಎಣಿಸಿ ಬರೆಯಿರಿ. ಬಸ್ಸಿನವರ ಮನೆಗೆ ಮೊದಲು ನೀವೇ ಹೋಗಿ. ಬಸ್ಸು ಬಂದ ದಿನ ಕೆಲಸ ಮುಗಿಯಿತು ಅಂತ ತಿಳಿಯಬೇಡಿ. ನಾವು ತಿಳಿದೆವು, ಜುಲೈಯಲ್ಲಿ ಪಾಠ ಕಲಿತೆವು.

ಸರಕಾರದ ಬಗ್ಗೆ ನನ್ನ ಅಭಿಪ್ರಾಯವೂ ಸ್ವಲ್ಪ ಬದಲಾಗಿದೆ. ಖಾತೆಗೆ 2,000 ಹಾಕುವುದು ಬೆಂಗಳೂರಿನಿಂದಲೇ ಆಗುತ್ತದೆ. ಅದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ, ಎಷ್ಟೋ ಮನೆಯ ಗ್ಯಾಸು, ಮದ್ದು ಅದರಿಂದಲೇ ನಡೆಯುತ್ತದೆ. ಆದರೆ ಬೆಳಿಗ್ಗೆ 5.50ಕ್ಕೆ ಕಟ್ಟೆಯ ಹತ್ತಿರ ಬಸ್ಸು ನಿಲ್ಲಿಸಲು ಸರಕಾರ ಇಲ್ಲಿಗೆ ಬಂದು ರಾತ್ರಿ ಮಲಗಬೇಕು. ಹಿಂದೆ ಡಿಕ್ಲರೇಶನ್ ಕಾಲದಲ್ಲಿ ತಾಲೂಕಿಗೆ ಬಂದು ಕೂತ ಹಾಗೆ. ಅದಕ್ಕೆ ಡ್ರೈವರ್ ಬೇಕು, ಕೋಣೆ ಬೇಕು, ನೀರು ಬೇಕು, ಹೊತ್ತಿಗೆ ಸರಿಯಾಗಿ ಸಹಿ ಹಾಕುವ ಒಬ್ಬ ಅಧಿಕಾರಿ ಬೇಕು. ಶಕ್ತಿ ಯೋಜನೆಯ ಹಣ ಇಟ್ಟವರು ಕರಾವಳಿಯ ರೂಟುಗಳಿಗೆ ಬಸ್ಸು ಮತ್ತು ಸಿಬ್ಬಂದಿ ಕೊಡದಿದ್ದರೆ, ಅದು ಇಲ್ಲಿನ ಹೆಂಗಸರಿಗೆ ಅನ್ಯಾಯವೇ. ಉಡುಪಿಯ ಗಿರಿಜಕ್ಕನೂ ಸುಳ್ಯದ ಗಿರಿಜಕ್ಕನೂ ಒಂದೇ ರಾಜ್ಯದವರು.

ಮಧ್ಯಾಹ್ನದ ಟ್ರಿಪ್ಪಿನ ಅರ್ಜಿಯನ್ನು ಕಳೆದ ತಿಂಗಳು ಹಾಕಿದೆವು. ಈ ಸಲ ಎಣಿಕೆಗೆ ಕೂತದ್ದು ಗಿರಿಜಕ್ಕನ ಅತ್ತೆ, ಬೆಳಿಗ್ಗೆ 11ರಿಂದ 1ರ ತನಕ, ರೇಶನ್ ಅಂಗಡಿಯ ಜಗಲಿಯಲ್ಲಿ. ಸುಧಾಕರಣ್ಣ ಇನ್ನೂ ಒಪ್ಪಿಲ್ಲ, ಮುಂದಿನ ಭಾನುವಾರ ಮತ್ತೆ ಅವರ ಮನೆಗೆ ಹೋಗುತ್ತೇವೆ. ಹಾಲಿನ ಪುಸ್ತಕ ತುಂಬಿದೆ. ಅದರ ಹಿಂದಿನ ರಟ್ಟಿನಲ್ಲಿ ಗಿರಿಜಕ್ಕ ಪರ್ಮಿಟ್ ಮುಗಿಯುವ ತಾರೀಕು ಬರೆದು, ಅದಕ್ಕೂ 15 ದಿನ ಮೊದಲಿನ ತಾರೀಕಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ.